ಅಪ್‌ಡೇಟ್: ಕೋಳಿ ಜುಟ್ಟಿನ ಗಂಟು ವಾಸಿಯಾಯ್ತು

ನಮ್ಮ ಜವಾರಿ ಕೋಳಿಗಳ ಜುಟ್ಟು, ಕಣ್ಣಂಚಿನಲ್ಲಿ ಎದ್ದಿದ್ದ ಕರಿ ಗಂಟುಗಳಿಗೆ ಏನು ಮಾಡಬೇಕೆಂದು ಹಿಂದೆ ಇಲ್ಲಿ ಕೇಳಿದ್ದೆ. ಆಮೇಲೆ ಜಮಖಂಡಿಯಲ್ಲಿ ಪಶುವೈದ್ಯರಿಗೆ ತೋರಿಸಿದೆ. ವೈರಸ್‌ನಿಂದ ಬರುವ ಕೋಳಿ ಸಿಡುಬೇ ಹೌದು.

ಪೊವಿಡೋನ್ ಅಯೋಡಿನ್ (ಗಾಯಕ್ಕೆ ಹಚ್ಚುವ ಕಂದು ಔಷಧಿ) ಹಚ್ಚಿ ಎಂದವರಿಗೆ ದೊಡ್ಡ ನಮಸ್ಕಾರ. ದಿನಕ್ಕೆರಡು ಸಲ, ಹತ್ತಿಯಿಂದ, ಗಂಟಿನ ಮೇಲಷ್ಟೇ, ಕಣ್ಣಿಗೆ ತಾಗದಂತೆ ಹಚ್ಚಬೇಕು. ಇದು ವೈರಸ್ಸಿಗೆ ಮದ್ದಲ್ಲ, ಹುಣ್ಣು ಕೀವಾಗದಂತೆ ತಡೆಯುತ್ತದೆ ಅಷ್ಟೇ. ಗಂಟು ಸಾಮಾನ್ಯವಾಗಿ 2–4 ವಾರದಲ್ಲಿ ತಾನೇ ಒಣಗಿ ಉದುರುತ್ತದೆ. ಅಂಟಿದ ಕಣ್ಣಿಗೆ ಕಾಯಿಸಿ ಆರಿಸಿದ ಉಪ್ಪುನೀರು, ಲೀಟರಿಗೆ 9 ಗ್ರಾಂ, ಚಲೋ ಕೆಲಸ ಮಾಡಿತು.

ನೀರಿಗೆ ಬೆರೆಸಿದ ಆ್ಯಂಟಿಬಯಾಟಿಕ್ ಪುಡಿಯಿಂದ ಗಂಟು ಕಡಿಮೆಯಾಗಲಿಲ್ಲ. ವೈರಸ್ ಮೇಲೆ ಅದು ನಡೆಯುವುದೇ ಇಲ್ಲ. ಗಂಟಿನ ಮೇಲೆ ಒಣಗಿದ ಹೆಕ್ಕಳ ಕಿತ್ತು ಸುಣ್ಣ ಹಚ್ಚುವುದಂತೂ ಬೇಡವೇ ಬೇಡ. ಉದುರಿದ ಹೆಕ್ಕಳದಲ್ಲಿ ವೈರಸ್ ತಿಂಗಳುಗಟ್ಟಲೆ ಬದುಕಿರುತ್ತದೆ, ಗುಡಿಸಿ ಸುಡಿ.

ಗೊತ್ತೇ ಇರದಿದ್ದ ಸಂಗತಿ: ರೋಗ ಬಂದ ಮೇಲೂ, ಇನ್ನೂ ಗಂಟು ಕಾಣದ ಕೋಳಿಗಳಿಗೆ ರೆಕ್ಕೆಯ ಪೊರೆಯಲ್ಲಿ ಲಸಿಕೆ ಚುಚ್ಚಿಸಬಹುದು. 7–10 ದಿನಕ್ಕೆ ಅಲ್ಲಿ ಸಣ್ಣ ಊತ ಬಂದರೆ ಲಸಿಕೆ ಹತ್ತಿದೆ ಎಂದರ್ಥ. ಹರಡುವುದು ಮುಖ್ಯವಾಗಿ ಸೊಳ್ಳೆಯಿಂದ, ಹಾಗಾಗಿ ದನ ನೀರು ಕುಡಿಯುವ ದೋಣಿಯ ನೀರನ್ನು ವಾರಕ್ಕೆರಡು ಸಲ ಪೂರ್ತಿ ಚೆಲ್ಲಿ ತಿಕ್ಕಿ. ಬಾಯೊಳಗೆ ಹಳದಿ ಪದರ ಕಂಡರೆ ಮಾತ್ರ ಮನೆಮದ್ದು ಬಿಟ್ಟು ಅವತ್ತೇ ವೈದ್ಯರ ಹತ್ತಿರ ಒಯ್ಯಿರಿ, ಉಸಿರು ಕಟ್ಟುತ್ತದೆ.