ಪದ್ಮಿನಿ ಡ್ರಮ್ ಬ್ರೇಕ್: ತಣ್ಣಗಿದ್ದಾಗ ಎಡಕ್ಕೆ, ಘಾಟಿಯಲ್ಲಿ ಬಲಕ್ಕೆ ಜಗ್ಗುತ್ತದೆ

ಪದ್ಮಿನಿ_ಕೋಥ್ರೂಡ್:
1978ರ ಪ್ರೀಮಿಯರ್ ಪದ್ಮಿನಿ, ನಾಲ್ಕೂ ಚಕ್ರಕ್ಕೆ ಡ್ರಮ್. ಮುಂದಿನ ಶೂಗಳಿಗೆ (ಡ್ರಮ್ಮನ್ನು ಒಳಗಿನಿಂದ ಒತ್ತುವ ಬಿಲ್ಲಿನಾಕಾರದ ತುಂಡುಗಳು) ಹೊಸ ಲೈನಿಂಗ್ (ಅವುಗಳ ಮೇಲಿನ ಉಜ್ಜುವ ಪದರ) ಹಾಕಿಸಿದ ಮೇಲೆ ಬೆಳಗಿನ ಮೊದಲ ಬ್ರೇಕಿಗೇ ಗಾಡಿ ಎಡಕ್ಕೆ ಜಗ್ಗುತ್ತದೆ. ಖಂಡಾಳದಿಂದ ಖೋಪೋಲಿಗೆ ಇಳಿಯುವಾಗ ಸುಟ್ಟ ವಾಸನೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ವೇಗ ಮಾತ್ರ ಇಳಿಯುವುದಿಲ್ಲ, ಆಗ ಎಳೆತ ಬಲಕ್ಕೆ. ಸೋರಿಕೆ ಇಲ್ಲ, ವೀಲ್ ಸಿಲಿಂಡರ್ (ಶೂಗಳನ್ನು ಹೊರಕ್ಕೆ ತಳ್ಳುವ ಭಾಗ) ಕಿಟ್ ಹೊಸದು. ನೇಯ್ದ ಲೈನಿಂಗ್ ಹಾಕಿಸಲೋ, ಮೋಲ್ಡೆಡ್ಡೋ (ಅಚ್ಚಿನಲ್ಲಿ ಒತ್ತಿದ್ದೋ)? ರಿವೆಟ್ಟೋ, ಅಂಟಿಸಿದ್ದೋ?

ಡೊಂಬಿವಲಿ_ಡ್ರಮ್:
ಅದಕ್ಕೂ ಮೊದಲು ಡ್ರಮ್ ಬಿಚ್ಚಿ ಲೈನಿಂಗಿನ ಅಂಚು ನೋಡಿ ಸರ್. ಕಂಪನಿಯ ಗುರುತಿನ ಕೊನೆಯಲ್ಲಿ ಎರಡು ಇಂಗ್ಲಿಷ್ ಅಕ್ಷರ ಒತ್ತಿರುತ್ತಾರೆ. ಎಡ-ಬಲ ಎರಡನ್ನೂ ಬರೆಯಿರಿ. ದೂಳನ್ನು ಗಾಳಿ ಹೊಡೆದು ತೆಗೆಯಬೇಡಿ, ಹಳೆ ಲೈನಿಂಗಿನ ದೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಸೋಪು ನೀರಿನಲ್ಲಿ ಒದ್ದೆ ಮಾಡಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಾಡಿ.

ಪದ್ಮಿನಿ_ಕೋಥ್ರೂಡ್:
ಎಡಗಡೆ ಜಿಇ. ಬಲಗಡೆ ಎಫ್‌ಎಫ್.

ಡೊಂಬಿವಲಿ_ಡ್ರಮ್:
ಸಿಕ್ಕಿತಲ್ಲ. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿ (ಸುಮಾರು 93ರಿಂದ 204 ಡಿಗ್ರಿ ಸೆಲ್ಸಿಯಸ್) ಇರುವ ಘರ್ಷಣೆ, ಎರಡನೆಯದು ಅದಕ್ಕಿಂತ ಹೆಚ್ಚು ಕಾದಾಗಿನದು. ಇ ಅಂದರೆ ಘರ್ಷಣಾಂಕ 0.25–0.35, ಎಫ್ 0.35–0.45, ಜಿ 0.45–0.55. ನಿಮ್ಮ ಎಡ ಚಕ್ರ ಮಾಮೂಲಿ ಓಡಾಟದಲ್ಲಿ ಬಲಕ್ಕಿಂತ ಜೋರಾಗಿ ಹಿಡಿಯುತ್ತದೆ, ಕಾದರೆ ಬಲಕ್ಕಿಂತ ಸಡಿಲ. ಎಳೆತ ದಿಕ್ಕು ಬದಲಿಸುವುದು ಅದಕ್ಕೇ. ಡ್ರಮ್ಮಿನಲ್ಲಿ ಲೀಡಿಂಗ್ ಶೂ (ಚಕ್ರ ತಿರುಗುವ ದಿಕ್ಕಿಗೇ ಒತ್ತುವ ಶೂ) ತನ್ನನ್ನು ತಾನೇ ಡ್ರಮ್ಮಿನ ಕಡೆಗೆ ಎಳೆದುಕೊಳ್ಳುವುದರಿಂದ ಘರ್ಷಣೆ ಒಂದೂವರೆ ಪಟ್ಟಾದರೆ ಹಿಡಿತ ಅದಕ್ಕಿಂತ ಹೆಚ್ಚೇ ಏರುತ್ತದೆ. ಹಾಗಾಗಿ ಡಿಸ್ಕ್ ಬ್ರೇಕಿನಲ್ಲಿ ಅಷ್ಟಾಗಿ ಗೊತ್ತಾಗದ ವ್ಯತ್ಯಾಸ ಇಲ್ಲಿ ಸ್ಟೀರಿಂಗಿಗೇ ಬಂದು ಬಡಿಯುತ್ತದೆ.

ಪೆಡಲ್ ಗಟ್ಟಿಯಿದ್ದೂ ನಿಲ್ಲದಿದ್ದರೆ ಸೋತಿರುವುದು ಲೈನಿಂಗ್. ಪೆಡಲ್ ಮೆತ್ತಗಾಗಿ ಕೆಳಗೆ ಹೋಗಿದ್ದರೆ ಬ್ರೇಕ್ ಆಯಿಲ್ ಕುದಿದಿದೆ ಎನ್ನಬಹುದಿತ್ತು.

ನನ್ನ ಆಯ್ಕೆ: ಆಸ್ಬೆಸ್ಟಾಸ್ ಇಲ್ಲದ ಮೋಲ್ಡೆಡ್, ಎರಡೂ ಕಡೆ ಎಫ್‌ಎಫ್, ಒಂದೇ ಬ್ಯಾಚಿನದು. ಹಿತ್ತಾಳೆ ತಂತಿ ಹಾಕಿ ನೇಯ್ದದ್ದು ಸದ್ದಿಲ್ಲದೆ ಮೃದುವಾಗಿ ಹಿಡಿಯುತ್ತದೆ, ಊರೊಳಗಿನ ಓಡಾಟಕ್ಕೆ ಚೆನ್ನ. ಆದರೆ ಕಾದಾಗ ಅದರ ಅಂಟು ಮೇಲಕ್ಕೆ ಒಸರಿ ಜಾರುತ್ತದೆ, ಘಾಟಿಗೆ ಬೇಡ. ಸೆಮಿ ಮೆಟಾಲಿಕ್ಕಿನ (ಲೋಹ ಬೆರೆಸಿದ ಲೈನಿಂಗ್) ಹತ್ತಿರವೂ ಹೋಗಬೇಡಿ: ತಣ್ಣಗಿದ್ದಾಗ ಅಷ್ಟಾಗಿ ಹಿಡಿಯದು, ಹಳೆಯ ಡ್ರಮ್ಮನ್ನೂ ತಿನ್ನುತ್ತದೆ. ಅಕ್ಷರಗಳು ಘರ್ಷಣೆಯನ್ನಷ್ಟೇ ಹೇಳುತ್ತವೆ. ಬಾಳಿಕೆ, ಗುಣಮಟ್ಟ ಅದರಲ್ಲಿ ಇಲ್ಲ.

ಗಡಿನಾಡ_ಗ್ಯಾರೇಜ್:
ಕೋಡ್ ಸರಿ ಅದರೀ, ಆದ್ರ ಡ್ರಮ್ ಅಳೀಲಾರದ ಲೈನಿಂಗ್ ಹಾಕಿಸಬ್ಯಾಡ್ರಿ. ಮೂರು ಕಡೆ ವ್ಯಾಸ ನೋಡ್ರಿ, 0.1 ಮಿಮೀಗಿಂತ ಹೆಚ್ಚು ಅಂಡಾಕಾರ ಆಗಿದ್ರ ಲೇತಿಗೆ ಹಾಕಿ, ಎಡ-ಬಲ ಎರಡೂ ಒಂದೇ ಅಳತೀಗೆ ತರಬೇಕು. ಡ್ರಮ್ಮಿನ ಗರಿಷ್ಠ ವ್ಯಾಸದ ಮಿತಿ ದಾಟಿದ್ರ ಆ ಡ್ರಮ್ ಎಸೆದುಬಿಡ್ರಿ, ದಪ್ಪ ಲೈನಿಂಗ್ ಹಾಕಿ ಸರಿದೂಗಿಸೂದು ಬ್ಯಾಡ.

ಅಂಟಿಸೂದಕ್ಕ ಒತ್ತಡ ಕೊಟ್ಟು ಓವನ್‌ನ್ಯಾಗ ಕಾಯಿಸೋ ವ್ಯವಸ್ಥಾ ಬೇಕು. ಅದಿಲ್ಲದ ಅಂಗಡ್ಯಾಗ ರಿವೆಟ್ಟೇ ಹೊಡಸ್ರಿ. ನಡುವಿನ ರಿವೆಟ್ ಮೊದಲ, ಆಮ್ಯಾಲೆ ಎರಡೂ ತುದಿ ಕಡೆಗೆ. ತುದಿಯಿಂದ ಶುರು ಮಾಡಿದ್ರ ನಡುವ ಉಬ್ಬಿ ನಿಲ್ತದ. ಶೂ ಮೇಲಿನ ತುಕ್ಕು ಪೂರಾ ಕೆರೆದು, ತೆಳ್ಳಗ ಪ್ರೈಮರ್ ಹೊಡದು ಒಣಗಿಸ್ರಿ. ಇಲ್ಲಾಂದ್ರ ಮಳಿಗಾಲದಾಗ ತುಕ್ಕು ಬೆಳದು ಲೈನಿಂಗ್ ಎತ್ತಿ ಸೀಳ್ತದ. ರಿವೆಟ್ ತಲಿ ಮ್ಯಾಲೆ 1 ಮಿಮೀ ಉಳದಾಗ ಬದಲಿಸ್ರಿ.

ಕಡೀಗೆ ಸುಣ್ಣದ ಕಡ್ಡಿ ಪರೀಕ್ಷಾ. ಡ್ರಮ್ಮಿನ ಒಳಗ ಸುಣ್ಣದ ಕಡ್ಡಿ ಉಜ್ಜಿ, ಶೂ ಇಟ್ಟು ತುಸು ಜರುಗಿಸ್ರಿ. ಗುರುತು ನಡುವ ಬೀಳಬೇಕು, ತುದಿಗೆ ಫೀಲರ್ ಗೇಜ್ (ಸಂದು ಅಳಿಯೋ ತೆಳು ಪಟ್ಟಿ) 0.1ರಿಂದ 0.2 ಮಿಮೀ ಹೋಗಬೇಕು. ತುದಿಗಳೇ ಮೊದಲ ತಾಗಿದ್ರ ಎಫ್‌ಎಫ್ ಹಾಕಿದ್ರೂ ಕಚ್ಚತದ, ಕಿರಚತದ.

ಪದ್ಮಿನಿ_ಕೋಥ್ರೂಡ್:
ಬಲಗಡೆಯ ಎಫ್‌ಎಫ್ ಇನ್ನೂ ಹೊಸದು. ಎಡಕ್ಕೆ ಮಾತ್ರ ಅದೇ ತಂದರೆ ಸಾಲದೇ?

ಡೊಂಬಿವಲಿ_ಡ್ರಮ್:
ಸಾಲದು ಸರ್. ಎಫ್ ಎಂಬ ಒಂದೇ ಅಕ್ಷರದೊಳಗೇ 0.35ರಿಂದ 0.45ರ ವರೆಗೆ ಅಂತರ ಇದೆ, ಒಂದು ಆಕ್ಸಲಿನ ನಾಲ್ಕೂ ತುಂಡು ಒಟ್ಟಿಗೇ ಕೊಳ್ಳಬೇಕು. ನಾನಾ ಪೇಠೆಯ ಬಿಡಿಭಾಗದ ಅಂಗಡಿಗಳಿಗೆ ಹೋಗುವಾಗ ಶೂ ಮತ್ತು ಡ್ರಮ್ ಎರಡನ್ನೂ ಒಯ್ಯಿರಿ, ತುಂಡುಗಳ ಅಂಚು ಓದಿಯೇ ದುಡ್ಡು ಕೊಡಿ.

ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ 50ರಿಂದ 15 ಕಿಮೀ ವೇಗಕ್ಕೆ ಮೆಲ್ಲಗೆ ಇಳಿಸುತ್ತಾ ಇಪ್ಪತ್ತು ಸಲ, ಪ್ರತಿ ಸಲದ ನಡುವೆ ತಣಿಯಲು ಒಂದು ಕಿಲೋಮೀಟರ್ ಓಡಿಸಿ. ಕಾದಿರುವಾಗ ಪೆಡಲ್ ಒತ್ತಿ ಹಿಡಿದು ನಿಲ್ಲಬೇಡಿ. ಹೊಸ ಮೋಲ್ಡೆಡ್ ಮೊದಲ ಸಲ ಕಾದಾಗ ಅದರ ರಾಳದಿಂದ ಅನಿಲ ಹೊರಟು ಸ್ವಲ್ಪ ಜಾರುವುದು ಸಹಜ. ಅದು ಘಾಟಿಗೆ ಮುಂಚೆಯೇ ಆಗಿಹೋಗಲಿ. ಖಂಡಾಳ ಇಳಿಯುವಾಗ ಎರಡನೇ ಗೇರ್.