ಒಗ್ಗರಣೆ ಬಿದ್ದ ಅಂಗಿ

ಬಳ್ಳಾರಿಯಲ್ಲಿ ಬಿಳಿ ಅಂಗಿ ಹಾಕುವುದೇ ತಪ್ಪು. ಹಾಕಿಕೊಂಡು ಒಗ್ಗರಣೆ ಮಿರ್ಚಿ ತಿನ್ನಲು ಹೋಗಿದ್ದು ಇನ್ನೂ ದೊಡ್ಡ ತಪ್ಪು. ಕೌಲ್‌ಬಜಾರಿನ ಬಂಡಿ ಹತ್ತಿರ ಮಾತಿನ ಭರದಲ್ಲಿ ಒಂದು ಹಿಡಿ ಮಂಡಕ್ಕಿ ಎದೆ ಮೇಲೆ ಬಿತ್ತು. ಹಳದಿ ಕಲೆ. ಮರುದಿನ ಸಂಜೆ ಅಳಿಯನಿಗೆ ಹೆಣ್ಣು ನೋಡಲು ಅದೇ ಅಂಗಿಯಲ್ಲಿ ಹೋಗಬೇಕಿತ್ತು.

ಕೈ ತೊಳೆಯಲು ಇಟ್ಟಿದ್ದ ಸೋಪಿನ ತುಂಡು ತಂದು ಗಸಗಸ ಉಜ್ಜಿದೆ. ಹಳದಿ ಹೋಯಿತು. ಕೆಂಪು ಬಂತು!

"ಯಾರಪ್ಪಾ ಚಾಕು ಹಾಕಿದ್ದು?" ಎಂದ ವೆಲ್ಡಿಂಗ್ ಅಂಗಡಿಯ ಗೆಳೆಯ.

ರಿಟೈರ್ಡ್ ಕೆಮಿಸ್ಟ್ರಿ ಮೇಷ್ಟ್ರಿಗೆ ಗಾಬರಿಯಾಗಲಿಲ್ಲ. ಖುಷಿಯಾಯಿತು ಅಂತಲೇ ಅನ್ನಬೇಕು.

"ಆರತಿ ಮಾಡುವಾಗ ಅರಿಶಿನದ ನೀರಿಗೆ ಸುಣ್ಣ ಹಾಕಿದ್ರೆ ಏನಾಗುತ್ತೆ?"

"ಕೆಂಪಾಗುತ್ತೆ."

"ಇದೂ ಅದೇ. ಸುಣ್ಣವೂ ಕ್ಷಾರ, ಸೋಪೂ ಕ್ಷಾರ. ಅರಿಶಿನದಲ್ಲಿರೋ ಕರ್ಕ್ಯುಮಿನ್ ಕ್ಷಾರ ತಾಗಿದ್ರೆ ಕೆಂಪಾಗುತ್ತೆ. ಹುಳಿ ತಾಗಿದ್ರೆ ಮತ್ತೆ ಹಳದಿ."

ಈರುಳ್ಳಿ ತಟ್ಟೆಯಿಂದ ನಿಂಬೆಹೋಳು ತೆಗೆದು ನನ್ನ ಎದೆಗೆ ಹಿಂಡಿಯೇಬಿಟ್ಟರು. ಹಳದಿ ವಾಪಸ್ ಬಂತು. ಬಂಡಿಯವನು ಕರಿಯುವುದು ಬಿಟ್ಟು ಬಾಯಿ ತೆರೆದು ನಿಂತ. ಅವನ ಸಲುವಾಗಿ ಇನ್ನೊಮ್ಮೆ ಸೋಪು, ಇನ್ನೊಮ್ಮೆ ನಿಂಬೆ. ಜನ ಸೇರಿದರು. ಕಲೆ ಮಾತ್ರ ಅಲ್ಲೇ ಇತ್ತು.

"ಮೇಷ್ಟ್ರೇ, ಬಣ್ಣ ಬದಲಿಸಿದ್ದು ಸಾಕು, ತೆಗೀರಿ."

"ಬಿಸಿಲಿಗೆ ಹಾಕು. ಕರ್ಕ್ಯುಮಿನ್ ಬೆಳಕಿಗೆ ತಡೆಯಲ್ಲ, ಒಡೆದುಹೋಗುತ್ತೆ."

ಬಿಸಿಲು! ನಮ್ಮೂರಲ್ಲಿ ಪುಕ್ಕಟೆ ಸಿಗುವುದು ಅದೊಂದೇ.

"ಕೆಂಪು ಧೂಳು ಮರೆತ್ಯಾ?" ಎಂದ ಗೆಳೆಯ.

"ಅದನ್ನ ಸುಮ್ನೆ ಧೂಳು ಅನ್ಬೇಡ್ರಪ್ಪಾ" ಎಂದರು ಮೇಷ್ಟ್ರು. "ಸಂಡೂರಿನ ಹೆಮಟೈಟ್ ಅದಿರು ಅದು. ಕಬ್ಬಿಣಕ್ಕೆ ಆಮ್ಲಜನಕ ಅಂಟಿಕೊಂಡಿದ್ದು, ತುಕ್ಕಿಗೆ ಹತ್ತಿರದ ನೆಂಟ. ಶುದ್ಧ ಹೆಮಟೈಟ್ 100 ಕಿಲೋ ಇದ್ರೆ ಕಬ್ಬಿಣ ಸುಮಾರು 70, ಉಳಿದ 30 ಆಮ್ಲಜನಕ."

"ಅಂದ್ರೆ ಲಾರಿಯವರು ಗಾಳಿಗೂ ಬಾಡಿಗೆ ತಗೊಳ್ತಾರೆ!"

"ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಲ್ಲಿದ್ದಲಿನ ಕೋಕ್ ಹಾಕಿ, ಕುಲುಮೆ ಉರಿಸಿ, ಕಷ್ಟಪಟ್ಟು ಇಬ್ಬರಿಗೂ ಡೈವೋರ್ಸ್ ಕೊಡಿಸ್ತಾರೆ. ಆ ಕಬ್ಬಿಣದಲ್ಲಿ ನೀನು ಗೇಟು ಮಾಡ್ತೀಯ. ನಾಲ್ಕು ಮಳೆ ಬಿದ್ರೆ ಸಾಕು, ಮತ್ತೆ ಒಂದಾಗ್ತಾರೆ."

"ಅದಕ್ಕೇ ನಾನು ರೆಡ್ ಆಕ್ಸೈಡ್ ಹೊಡೀತೀನಲ್ಲ!"

"ಆ ರೆಡ್ ಆಕ್ಸೈಡೂ ಅದೇ ಕಬ್ಬಿಣದ ಆಕ್ಸೈಡೇ!"

ಗೆಳೆಯ ಮಿರ್ಚಿ ಕೆಳಗಿಟ್ಟ. ಇಪ್ಪತ್ತು ವರ್ಷದಿಂದ ತುಕ್ಕು ಬರಬಾರದು ಅಂತ ತುಕ್ಕಿನ ನೆಂಟನನ್ನೇ ಬಳಿದು, ಅದಕ್ಕೆ ದುಡ್ಡು ಬೇರೆ ತಗೊಂಡಿದ್ದನಂತೆ. ಪಾಪ, ಒಂದು ನಿಮಿಷ ಮಾತೇ ಆಡಲಿಲ್ಲ.

ಮರುದಿನ ಅಂಗಿ ತೊಳೆದು ಮಾಳಿಗೆ ಮೇಲೆ ಒಣಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಹಳದಿ ಬಹುಪಾಲು ಹೋಗಿತ್ತು. ಆದರೆ ಕಾಲರಿನಿಂದ ಕೆಳಗಿನವರೆಗೆ ಇಡೀ ಅಂಗಿ ತೆಳು ಕೆಂಪು. ಓಡಿಹೋಗಿ ನಿಂಬೆ ಹಿಂಡಿದೆ. ಏನೂ ಆಗಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿದೆ.

"ನಿಂಬೆ ಹಿಂಡಿದ್ರೂ ಹಳದಿ ಆಗಲಿಲ್ವಾ?"

"ಇಲ್ಲ ಸರ್."

"ಹಾಗಾದ್ರೆ ಅದು ಅರಿಶಿನ ಅಲ್ಲಪ್ಪಾ, ಸಂಡೂರು."