ಕಂಪ್ರೆಸರ್ ಬದಲಿಸಿದ ಮೇಲೆ ಡೀಪ್ ಫ್ರೀಜರ್ ಮೈನಸ್ 7ಕ್ಕೇ ನಿಲ್ಲುತ್ತಿದೆ: ಸರಿಯಾದ ಸ್ಪೆಸಿಫಿಕೇಷನ್ ಎಲ್ಲಿ ಸಿಗುತ್ತದೆ?

ಗಂಗಾವತಿ ಬೇಕರಿ:
ಎಲ್ಲರಿಗೂ ನಮಸ್ಕಾರ. ನಮ್ಮ ಬೇಕರಿಯಲ್ಲಿ 300 ಲೀಟರಿನ ಡೀಪ್ ಫ್ರೀಜರ್ ಇದೆ, ಬಾಗಿಲು ಮೇಲಕ್ಕೆ ತೆಗೆಯುವಂಥದ್ದು. ಕಂಪ್ರೆಸರ್ ಸುಟ್ಟುಹೋಯಿತು. ಹಳೆಯದು ಒನ್ ಥರ್ಡ್ ಎಚ್‌ಪಿ ಇದೆ ಅಂತ ಮೆಕ್ಯಾನಿಕ್ ಒಬ್ಬರು ಒನ್ ಥರ್ಡ್ ಎಚ್‌ಪಿಯದ್ದೇ ಹೊಸದು ಕೂಡಿಸಿದರು. ಗ್ಯಾಸ್ ಆರ್‌134ಎ. ಈಗ ಮೈನಸ್ 7ರ ಕೆಳಗೆ ಇಳಿಯುತ್ತಲೇ ಇಲ್ಲ. ಮಧ್ಯಾಹ್ನದ ಹೊತ್ತು ಕಂಪ್ರೆಸರ್ ಮೇಲೆ ಕೈ ಇಡಲಾಗದಷ್ಟು ಬಿಸಿ. ಟಕ್ ಅಂತ ಟ್ರಿಪ್ ಆಗಿ ನಿಂತುಬಿಡುತ್ತದೆ. ಐಸ್‌ಕ್ರೀಂ ಎಲ್ಲ ಮೆತ್ತಗಾಗುತ್ತಿದೆ.

ಹೊಸದರ ಮೇಲೆ ಟೆಕಮ್ಸೆ ಎಇ4440ವೈ ಎಂದಿದೆ. ನೆಟ್‌ನಲ್ಲಿ ನೋಡಿದರೆ 4000 ಬಿಟಿಯು (ಗಂಟೆಗೆ ಎಷ್ಟು ತಂಪು ಮಾಡುತ್ತದೆ ಅನ್ನುವ ಅಳತೆ) ಅಂತ ತೋರಿಸುತ್ತದೆ. ಬೇರೆ ಫ್ರೀಜರ್ ಕಂಪ್ರೆಸರ್‌ಗಳದ್ದು ಅದಕ್ಕಿಂತ ಎಷ್ಟೋ ಕಡಿಮೆ ಇದೆ. ಹಾಗಾದರೆ ನಮ್ಮದು ಇನ್ನೂ ಜಾಸ್ತಿ ತಂಪು ಮಾಡಬೇಕಿತ್ತಲ್ವಾ? ಹಳೆಯದರ ಸ್ಟಿಕ್ಕರ್ ಉಜ್ಜಿಹೋಗಿದೆ. ಡ್ಯಾನ್‌ಫಾಸ್, ಎನ್‌ಎಲ್11 ಅನ್ನುವಷ್ಟು ಮಾತ್ರ ಕಾಣುತ್ತದೆ. ಡ್ಯಾನ್‌ಫಾಸ್ ಸೈಟಿನಲ್ಲಿ ಹುಡುಕಿದರೆ ಏನೂ ಸಿಗುತ್ತಿಲ್ಲ.

ಬಳ್ಳಾರಿ ಮೆಕ್ಯಾನಿಕ್:
ಮೊದಲು ಕಂಡೆನ್ಸರ್, ಅಂದರೆ ಬಿಸಿ ಹೊರಹಾಕುವ ಕಾಯಿಲ್ ನೋಡಿ ಅಣ್ಣ. ಬೇಕರಿ ಅಂದಮೇಲೆ ಮೈದಾ ಹಿಟ್ಟು, ಎಣ್ಣೆ ಜಿಡ್ಡು ಎರಡೂ ಕೂಡಿ ಕಾಯಿಲ್ ಮುಚ್ಚಿಬಿಡುತ್ತವೆ. ಫ್ಯಾನ್ ಇದ್ದರೆ ತಿರುಗುತ್ತಿದೆಯಾ ನೋಡಿ. ಫ್ರೀಜರನ್ನು ಓವನ್ ಪಕ್ಕ ಇಟ್ಟಿಲ್ಲ ತಾನೇ?

ಗಂಗಾವತಿ ಬೇಕರಿ:
ಕಾಯಿಲ್ ತೊಳೆಸಿದ್ದೇವೆ, ಫ್ಯಾನ್ ಚೆನ್ನಾಗಿದೆ. ಓವನ್ ಬೇರೆ ಕೋಣೆಯಲ್ಲಿದೆ.

ರಾಯಚೂರು ಸರ್ವಿಸ್:
ನಿಮಗೆ ಕೂಡಿಸಿರುವುದು ಫ್ರೀಜರ್ ಕಂಪ್ರೆಸರೇ ಅಲ್ಲ. ಎಚ್‌ಪಿ ನೋಡಿ ಕಂಪ್ರೆಸರ್ ತರುವ ರೂಢಿ ನಮ್ಮ ಕಡೆ ಬಹಳ ಇದೆ, ಅದರಿಂದಲೇ ಹೀಗಾಗುತ್ತದೆ. ನಂಬರನ್ನೇ ಬಿಡಿಸಿ ಓದಿ. ಟೆಕಮ್ಸೆಯ ಈ ಸರಣಿಯಲ್ಲಿ ಮೊದಲ ಅಂಕಿ ಕೆಲಸ ಯಾವುದು ಅಂತ ಹೇಳುತ್ತದೆ: 1 ಮತ್ತು 2 ಇದ್ದರೆ ಎಲ್‌ಬಿಪಿ, ಅಂದರೆ ಫ್ರೀಜರಿಗೆ. 3 ಮತ್ತು 4 ಇದ್ದರೆ ಎಚ್‌ಬಿಪಿ, ಅಂದರೆ ವಾಟರ್ ಕೂಲರ್‌ನಂಥದ್ದಕ್ಕೆ. ಎರಡನೇ ಅಂಕಿ ಬಿಟಿಯು ಎಷ್ಟು ಅಂಕಿಯದ್ದು ಅಂತ, ಕೊನೆಯ ಎರಡು ಅದರ ಮೊದಲ ಅಂಕಿಗಳು. ನಿಮ್ಮದು 4-4-40. ಎಚ್‌ಬಿಪಿ, ನಾಲ್ಕಂಕಿ, 40 ಅಂದರೆ 4000. ಕೊನೆಯ ವೈ ಅಂದರೆ ಆರ್‌134ಎ. ಗ್ಯಾಸ್ ಸರಿ ಇದೆ, ಕೆಲಸ ತಪ್ಪಾಗಿದೆ.

ಆ 4000 ನೋಡಿ ಮೋಸ ಹೋಗಬೇಡಿ. ಎಚ್‌ಬಿಪಿ ಕಂಪ್ರೆಸರನ್ನು ಆಶ್ರೇ (ಅಮೆರಿಕದ ಎಂಜಿನಿಯರುಗಳ ಸಂಘ) ಲೆಕ್ಕದಲ್ಲಿ ಅಳೆಯುವುದು ಇವಾಪರೇಟರ್, ಅಂದರೆ ಒಳಗಿನ ತಂಪು ಕಾಯಿಲ್, 7.2 ಡಿಗ್ರಿ ಇದ್ದಾಗ. ಎಲ್‌ಬಿಪಿಯನ್ನು ಅಳೆಯುವುದು ಮೈನಸ್ 23.3ರಲ್ಲಿ. ಕಾಯಿಲ್ ತಣ್ಣಗಾದಷ್ಟೂ ವಾಪಸ್ ಬರುವ ಗ್ಯಾಸ್ ತೆಳುವಾಗುತ್ತದೆ, ಕಂಪ್ರೆಸರ್ ಒಂದು ಸುತ್ತಿಗೆ ಎಳೆಯುವ ಗ್ಯಾಸ್ ಕಡಿಮೆಯಾಗುತ್ತದೆ. ಮೋಟರು ತಂಪಾಗುವುದೂ ಅದೇ ಗ್ಯಾಸಿನಿಂದ, ಅದಕ್ಕೇ ನಿಮ್ಮದು ಕಾದು ಟ್ರಿಪ್ ಆಗುತ್ತಿದೆ. ಎಲ್‌ಬಿಪಿ ಹಾಳೆಗಳಲ್ಲೂ (ಡೇಟಾಶೀಟ್) ಎಚ್ಚರ ಇರಲಿ. ಅದೇ ಕಂಪ್ರೆಸರಿಗೆ ಒಂದು ಕಡೆ ಮೈನಸ್ 23.3ರ ಅಂಕಿ, ಇನ್ನೊಂದು ಕಡೆ ಮೈನಸ್ 25ರದ್ದು, ಮತ್ತೊಂದು ಕಡೆ ಮೈನಸ್ 35ರದ್ದು ಕೊಟ್ಟಿರುತ್ತಾರೆ. ಒಂದೇ ಸಾಲಿನ ಅಂಕಿಗಳನ್ನೇ ಹೋಲಿಸಬೇಕು. ಒಬ್ಬರು ವ್ಯಾಟ್, ಇನ್ನೊಬ್ಬರು ಕೆಕ್ಯಾಲ್ ಕೊಟ್ಟರೆ ಬದಲಿಸಿಕೊಳ್ಳಿ: 1 ವ್ಯಾಟ್ ಅಂದರೆ ಗಂಟೆಗೆ 3.41 ಬಿಟಿಯು, ಗಂಟೆಗೆ 1 ಕೆಕ್ಯಾಲ್ ಅಂದರೆ 1.16 ವ್ಯಾಟ್. ಎಲ್‌ಬಿಪಿಯ ಆಶ್ರೇ ಪರೀಕ್ಷೆಯಲ್ಲಿ ಸುತ್ತಲಿನ ಗಾಳಿ 32 ಡಿಗ್ರಿ ಇರುತ್ತದೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ 40 ದಾಟುತ್ತದೆ. ಹಾಳೆಯಲ್ಲಿರುವ ಅಷ್ಟೂ ತಂಪು ರಾಯಚೂರಿನಲ್ಲಿ ಸಿಗಲ್ಲ ಅಂತ ಇಟ್ಟುಕೊಳ್ಳಿ. ಕ್ಯಾಬಿನೆಟ್ ಪ್ಲೇಟಿನಲ್ಲಿ ಕ್ಲೈಮೇಟ್ ಕ್ಲಾಸ್ ಟಿ ಎಂದಿದ್ದರೆ 43 ಡಿಗ್ರಿವರೆಗೆ ಲೆಕ್ಕ ಹಾಕಿ ಮಾಡಿದ್ದು, ಎನ್ ಎಂದಿದ್ದರೆ ಬರೀ 32.

ಇನ್ನು ನಿಮ್ಮ ಹಳೆಯದು. ಡ್ಯಾನ್‌ಫಾಸ್ ತನ್ನ ಮನೆಬಳಕೆಯ ಮತ್ತು ಸಣ್ಣ ಕಂಪ್ರೆಸರ್ ವಿಭಾಗವನ್ನು 2010ರಲ್ಲಿ ಮಾರಿತು. ಅದೇ ಈಗ ಸೆಕಾಪ್. ಆ ಸರಣಿಯ ಹಾಳೆಗಳೆಲ್ಲ ಸೆಕಾಪ್ ಹೆಸರಿನಲ್ಲಿ ಸಿಗುತ್ತವೆ. ಎನ್‌ಎಲ್11ರಲ್ಲಿ 11 ಅಂದರೆ ಪಿಸ್ಟನ್ ಒಂದು ಸಲಕ್ಕೆ ಎಳೆಯುವ ಗ್ಯಾಸ್, ಹೆಚ್ಚುಕಡಿಮೆ 11 ಸಿಸಿ. ಮುಂದಿನ ಅಕ್ಷರ ಬೇಕೇ ಬೇಕು, ಕೆಲಸ ಮತ್ತು ಗ್ಯಾಸ್ ಅದರಲ್ಲಿದೆ. ಸ್ಟಿಕ್ಕರನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ, ಕತ್ತಲಲ್ಲಿ ಟಾರ್ಚನ್ನು ಪಕ್ಕದಿಂದ ಅಡ್ಡ ಹಿಡಿದು ನೋಡಿ. ಎದುರಿನಿಂದ ಬೆಳಕು ಬಿಟ್ಟರೆ ಏನೂ ಕಾಣಲ್ಲ.

ಹುಡುಕುವಾಗ ಎಚ್‌ಪಿ ಹೊಡೆಯಬೇಡಿ. ಪೂರ್ತಿ ನಂಬರನ್ನು ಜಾಗ ಬಿಡದೆ ಹೊಡೆದು, ಮುಂದೆ ಡೇಟಾಶೀಟ್ ಪಿಡಿಎಫ್ ಅಂತ ಸೇರಿಸಿ. ಮಾರುವವರ ಸೈಟಿನಲ್ಲಿ ಬಹಳ ಸಲ ಫೋಟೊ, ರೇಟು, ಎಚ್‌ಪಿ ಮೂರೇ ಇರುತ್ತವೆ. ತಯಾರಿಸಿದವರ ಹಾಳೆಯೇ ಬೇಕು.

ಗಂಗಾವತಿ ಬೇಕರಿ:
ಟಾರ್ಚ್ ಅಡ್ಡ ಹಿಡಿದಾಗ ಕಂಡಿತು, ಎನ್‌ಎಲ್11ಎಫ್! ಸೆಕಾಪ್ ಹಾಳೆಯೂ ಸಿಕ್ಕಿತು. ಅದರಲ್ಲಿ 11.15 ಸಿಸಿ, ಎಲ್‌ಬಿಪಿ, ಆರ್‌134ಎ. ಅದೇ ಕಂಪನಿಯದ್ದು ಇಲ್ಲಿ ಸಿಗದಿದ್ದರೆ ಬೇರೆಯದು ಹಾಕಬಹುದಾ? ಒಬ್ಬರು ಆರ್‌600ಎಯದ್ದು ಇದೆ, ಕರೆಂಟ್ ಉಳಿಯುತ್ತದೆ ಅನ್ನುತ್ತಿದ್ದಾರೆ.

ರಾಯಚೂರು ಸರ್ವಿಸ್:
ಆರ್‌600ಎ ಬೇಡವೇ ಬೇಡ. ಅದು ಬೆಂಕಿ ಹತ್ತುವ ಗ್ಯಾಸ್. ನಿಮ್ಮ ಕ್ಯಾಬಿನೆಟ್ಟಿನ ಥರ್ಮೋಸ್ಟಾಟ್, ಸ್ವಿಚ್ ಯಾವುದೂ ಅದಕ್ಕೆಂದು ಮಾಡಿದ್ದಲ್ಲ, ಕಿಡಿ ಹಾರಿದರೆ ಅಂಗಡಿಯಲ್ಲಿರುವ ಜನರ ಗತಿ ಏನು? ಬೇರೆ ಕಂಪನಿಯದ್ದು ಧಾರಾಳವಾಗಿ ಹಾಕಿ. ಎಲ್‌ಬಿಪಿ ಇರಲಿ, ಆರ್‌134ಎ ಇರಲಿ, ಸಿಸಿ 11ರ ಹತ್ತಿರ ಇರಲಿ, ಮೈನಸ್ 23.3ರ ಸಾಲಿನಲ್ಲಿ ವ್ಯಾಟ್ ಹಳೆಯದರ ಸಮ ಇರಲಿ. ಸಿಸಿ ಹೊಂದಿದರೆ ಕ್ಯಾಪಿಲರಿ (ಗ್ಯಾಸ್ ಹಾಯುವ ಸಣ್ಣ ಕೊಳವೆ) ಮುಟ್ಟುವುದು ಬೇಕಾಗಲ್ಲ. ರಿಲೇ (ಮೋಟರು ಶುರುಮಾಡುವ ಭಾಗ), ಓಎಲ್‌ಪಿ (ಜಾಸ್ತಿ ಕಾದರೆ ಟ್ರಿಪ್ ಮಾಡುವ ಭಾಗ) ಹೊಸ ಕಂಪ್ರೆಸರಿನ ಹಾಳೆಯಲ್ಲಿ ಬರೆದಿರುವುದನ್ನೇ ತನ್ನಿ, ಹಳೆಯದನ್ನು ಚುಚ್ಚಬೇಡಿ. ಫಿಲ್ಟರ್ ಡ್ರೈಯರ್ ಹೊಸದು, ಪಂಪಿಟ್ಟು ಚೆನ್ನಾಗಿ ವ್ಯಾಕ್ಯೂಮ್, ಆಮೇಲೆ ಕ್ಯಾಬಿನೆಟ್ ಪ್ಲೇಟಿನಲ್ಲಿ ಎಷ್ಟು ಗ್ರಾಂ ಎಂದಿದೆಯೋ ಅಷ್ಟನ್ನೇ ತೂಕ ಮಾಡಿ ಗ್ಯಾಸ್.

ಬಳ್ಳಾರಿ ಮೆಕ್ಯಾನಿಕ್:
ಒಂದು ಮಾತು ಸೇರಿಸುತ್ತೇನೆ. ಈಗಿರುವ ಎಇ4440ವೈ ಸುಟ್ಟಿಲ್ಲದಿದ್ದರೆ ಬಿಚ್ಚಿದ ಕೂಡಲೇ ಪೈಪ್ ಬಾಯಿ ಮುಚ್ಚಿಡಿ, ತೇವ ಹೋಗಬಾರದು. ಯಾರದಾದರೂ ವಾಟರ್ ಕೂಲರಿಗೆ ಬರುತ್ತದೆ.